ಕರ್ಕ್ಯುಮಿನ್ ಕ್ಯಾಪ್ಸೂಲ್ ಸ್ತನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಅಕ್ಕನಿಗೆ 48 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ, ರೇಡಿಯೇಷನ್ ಮುಗಿದಿದೆ. ರಿಪೋರ್ಟಿನಲ್ಲಿ ಇಆರ್ ಪಾಸಿಟಿವ್ ಎಂದಿತ್ತು, ಈಗ ಟಾಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ನೆಂಟರೊಬ್ಬರು ಅರಿಶಿನದ ಕರ್ಕ್ಯುಮಿನ್ ಸ್ತನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎನ್ನುವ ನಾಲ್ಕಾರು ಸಂಶೋಧನಾ ಲೇಖನಗಳನ್ನು ಕಳಿಸಿದ್ದಾರೆ, ಕರಿಮೆಣಸಿನ ಸಾರ ಸೇರಿಸಿದ ಕರ್ಕ್ಯುಮಿನ್ ಕ್ಯಾಪ್ಸೂಲನ್ನೂ ತಂದುಕೊಟ್ಟಿದ್ದಾರೆ. ಅಕ್ಕ ಕೆಲವು ವಾರಗಳಿಂದ ನುಂಗುತ್ತಿದ್ದಾಳೆ. ಲಕ್ಷ್ಮಣ ಫಲದ ಎಲೆಯ ಕಷಾಯವನ್ನೂ ಶುರು ಮಾಡುತ್ತೇನೆ ಅನ್ನುತ್ತಾಳೆ. ಸೋಯಾ ಮುಟ್ಟಲೇಬಾರದು ಅಂತ ಇನ್ಯಾರೋ ಹೆದರಿಸಿದ್ದಾರೆ. ಟಾಮಾಕ್ಸಿಫೆನ್‌ನಿಂದ ಮೈಯೆಲ್ಲ ಬಿಸಿಯಾಗಿ ಬೆವರುತ್ತದೆ, ಅದನ್ನು ಬಿಟ್ಟು ಇವನ್ನೇ ಮುಂದುವರಿಸಬಹುದೇ ಅಂತ ಕೇಳುತ್ತಿದ್ದಾಳೆ. ಆ ಲೇಖನಗಳು ನಿಜವೇ, ಸುಳ್ಳೇ?

ಉತ್ತರ: ಲೇಖನಗಳು ಸುಳ್ಳಲ್ಲ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಕೋಶಗಳಿಗೆ ಕರ್ಕ್ಯುಮಿನ್ ಹಾಕಿದಾಗ ಅವುಗಳ ಬೆಳವಣಿಗೆ ನಿಲ್ಲುತ್ತದೆ, ಪ್ರಮಾಣ ಜಾಸ್ತಿ ಮಾಡಿದರೆ ಕೋಶಗಳು ಸಾಯುತ್ತವೆ. ಎಷ್ಟೋ ಲ್ಯಾಬ್‌ಗಳು ಇದನ್ನು ಕಂಡಿವೆ, ಇದೇ ಕೆಲಸದಲ್ಲಿರುವ ನಾನೂ ಕಂಡಿದ್ದೇನೆ. ಆದರೆ ಅಷ್ಟರಿಂದಲೇ ಆ ಕ್ಯಾಪ್ಸೂಲ್ ನಿಮ್ಮ ಅಕ್ಕನಿಗೆ ಒಳ್ಳೆಯದು ಮಾಡುತ್ತದೆ ಅಂತ ಆಗುವುದಿಲ್ಲ. ಅವರ ವಿಷಯದಲ್ಲಂತೂ ಕೆಡುಕು ಮಾಡುವ ಸಾಧ್ಯತೆಯೇ ಇದೆ. ಯಾಕೆ ಅಂತ ಉದ್ದಕ್ಕೆ ಹೇಳುತ್ತೇನೆ. ಅದಕ್ಕೂ ಮುಂಚೆ, ಮುಂದಿನದನ್ನು ಓದಲು ಸಮಯ ಸಿಗದಿದ್ದರೂ ಇಷ್ಟನ್ನು ಅವರಿಗೆ ಇವತ್ತೇ ಹೇಳಿ: ಟಾಮಾಕ್ಸಿಫೆನ್ ನಿಲ್ಲಿಸಬಾರದು, ಕರ್ಕ್ಯುಮಿನ್ ಕ್ಯಾಪ್ಸೂಲ್ ನಿಲ್ಲಿಸಬೇಕು, ಕಷಾಯ ಶುರು ಮಾಡಬಾರದು.

ಟಾಮಾಕ್ಸಿಫೆನ್ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಇಆರ್ ಪಾಸಿಟಿವ್ ಅಂದರೆ ಆ ಗಡ್ಡೆಯ ಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಇದೆ, ಅದರ ಮೂಲಕವೇ ಅವುಗಳಿಗೆ ಬೆಳೆಯುವ ಸೂಚನೆ ಸಿಗುತ್ತದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ರಷ್ಟು ಈ ಬಗೆಯವು. ಟಾಮಾಕ್ಸಿಫೆನ್ ಆ ರಿಸೆಪ್ಟರ್‌ನಲ್ಲಿ ಹೋಗಿ ಕೂರುತ್ತದೆ, ಈಸ್ಟ್ರೋಜನ್‌ಗೆ ಜಾಗ ಬಿಡುವುದಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಟ್ರಯಲ್‌ಗಳನ್ನು, ಅಂದರೆ ರೋಗಿಗಳ ಮೇಲೆ ನಡೆಸಿದ ಔಷಧ ಪರೀಕ್ಷೆಗಳನ್ನು, ಒಟ್ಟುಗೂಡಿಸಿ ನೋಡಿದಾಗ, ಐದು ವರ್ಷ ಇದನ್ನು ತೆಗೆದುಕೊಂಡ ಇಆರ್ ಪಾಸಿಟಿವ್ ರೋಗಿಗಳಲ್ಲಿ ಆ ಐದು ವರ್ಷಗಳಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು, ಹದಿನೈದು ವರ್ಷಗಳ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಇದು ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಲೆಕ್ಕವಲ್ಲ, ಬದುಕಿದ್ದ ಹೆಂಗಸರ ಲೆಕ್ಕ. ಇದರ ಪಕ್ಕದಲ್ಲಿ ಇಡಬಹುದಾದಂಥ ಪುರಾವೆ ಯಾವ ಸಸ್ಯದ ಕ್ಯಾಪ್ಸೂಲ್‌ಗೂ ಇಲ್ಲ.

ಈಗ ಲೇಖನಗಳ ವಿಷಯಕ್ಕೆ ಬರೋಣ. ಅವುಗಳಲ್ಲಿ ಎಂಸಿಎಫ್-7 ಎಂಬ ಹೆಸರು ಇದ್ದೇ ಇರುತ್ತದೆ, ನೋಡಿ. ಅದು ಒಂದು ಕೋಶ ಸಂತತಿ. 69 ವರ್ಷದ ಒಬ್ಬ ಮಹಿಳೆಯ ಎದೆಗೂಡಿನಲ್ಲಿ ತುಂಬಿಕೊಂಡಿದ್ದ ನೀರಿನಿಂದ ತೆಗೆದ ಕ್ಯಾನ್ಸರ್ ಕೋಶಗಳನ್ನು ಅಮೆರಿಕದ ಮಿಷಿಗನ್ ಕ್ಯಾನ್ಸರ್ ಫೌಂಡೇಶನ್‌ನಲ್ಲಿ ಬೆಳೆಸಿದರು, 1973ರಲ್ಲಿ ವರದಿ ಮಾಡಿದರು. ಆ ಸಂಸ್ಥೆಯ ಹೆಸರಿನ ಮೊದಲಕ್ಷರಗಳೇ ಕೋಶಗಳ ಹೆಸರಾದವು. ಅವು ಇಆರ್ ಪಾಸಿಟಿವ್ ಕೋಶಗಳು. ಅಂದಿನಿಂದ ಇಂದಿನವರೆಗೂ ಲೋಕದ ಲ್ಯಾಬ್‌ಗಳಲ್ಲಿ ಅವು ವಿಭಜನೆಯಾಗುತ್ತಲೇ ಇವೆ. ಸ್ತನ ಕ್ಯಾನ್ಸರ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಆ ಒಬ್ಬ ಮಹಿಳೆಯ ಕೋಶಗಳಿಂದ ಬಂದದ್ದು, ನಾವು ಈ ಕ್ಷೇತ್ರದವರು ಅವರಿಗೆ ಯಾವಾಗಲೂ ಋಣಿಗಳು. ಇನ್ನೊಂದು ಹೆಸರು ಎಂಡಿಎ-ಎಂಬಿ-231, ಅದು ಟ್ರಿಪಲ್ ನೆಗೆಟಿವ್ ಬಗೆಯದು, ಅಂದರೆ ಹಾರ್ಮೋನ್ ರಿಸೆಪ್ಟರ್‌ಗಳೂ ಇಲ್ಲ, ಹರ್-2 ಎಂಬ ಪ್ರೋಟೀನೂ ಜಾಸ್ತಿ ಇಲ್ಲ.

ಪ್ರಯೋಗ ನಡೆಯುವುದು ಹೀಗೆ. ಪ್ಲಾಸ್ಟಿಕ್ ತಟ್ಟೆಯ ಸಣ್ಣ ಸಣ್ಣ ಗುಳಿಗಳಲ್ಲಿ ಕೋಶಗಳನ್ನು ಹಾಕಿ, ಪೋಷಕಾಂಶದ ದ್ರವ ತುಂಬಿ, ಅದಕ್ಕೆ ಸಸ್ಯದ ಸಂಯುಕ್ತವನ್ನು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸುತ್ತೇವೆ. ಒಂದೆರಡು ದಿನ ಬಿಟ್ಟು ಎಷ್ಟು ಕೋಶಗಳು ಉಳಿದಿವೆ ಅಂತ ನೋಡುತ್ತೇವೆ. ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣವನ್ನು ಐಸಿ-50 ಎನ್ನುತ್ತೇವೆ. ಕರ್ಕ್ಯುಮಿನ್‌ಗೆ ಈ ಸಂಖ್ಯೆ ಸಾಮಾನ್ಯವಾಗಿ 10ರಿಂದ 50 ಮೈಕ್ರೊಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ಸಾಂದ್ರವಾಗಿದೆ ಅನ್ನುವುದರ ಅಳತೆ) ನಡುವೆ ಬರುತ್ತದೆ. ಇಷ್ಟಾದ ಮೇಲೆ ಕೋಶ ಹೇಗೆ ಸತ್ತಿತು ಅಂತ ಹುಡುಕುತ್ತೇವೆ. ವಿಭಜನೆಯ ಚಕ್ರ ಯಾವ ಹಂತದಲ್ಲಿ ನಿಂತಿತು, ಕೋಶವನ್ನು ಉಳಿಸುವ ಬಿಸಿಎಲ್-2 ಪ್ರೋಟೀನ್ ಇಳಿಯಿತಾ, ತನ್ನನ್ನು ತಾನೇ ಮುಗಿಸಿಕೊಳ್ಳುವ ವ್ಯವಸ್ಥೆ ಶುರುವಾಯಿತಾ, ಎನ್‌ಎಫ್-ಕಪ್ಪಾ-ಬಿ ಎಂಬ ಉರಿಯೂತದ ಸ್ವಿಚ್ ಆರಿತಾ, ಹೀಗೆ. ಲೇಖನ ಓದಿದವರಿಗೆ ಈ ಹೆಸರುಗಳ ಸಾಲೇ ದೊಡ್ಡ ಪುರಾವೆಯ ಹಾಗೆ ಕಾಣುತ್ತದೆ. ಆದರೆ ಸಾಯುತ್ತಿರುವ ಯಾವುದೇ ಕೋಶದಲ್ಲಿ ಇವುಗಳಲ್ಲಿ ಹಲವು ಬದಲಾಗುತ್ತವೆ. ಉಪ್ಪು ಜಾಸ್ತಿ ಹಾಕಿದರೂ ಬದಲಾಗುತ್ತವೆ. ಹಾಗಾಗಿ ಕೋಶ ಸತ್ತಿತಾ ಅನ್ನುವುದಕ್ಕಿಂತ ಎಷ್ಟು ಹಾಕಿದಾಗ ಸತ್ತಿತು, ಅಷ್ಟು ಪ್ರಮಾಣ ಗಡ್ಡೆಯವರೆಗೆ ತಲುಪುತ್ತದೆಯಾ ಅನ್ನುವುದೇ ಮುಖ್ಯ.

ಕರ್ಕ್ಯುಮಿನ್ ಸೋಲುವುದು ಇಲ್ಲೇ. ಬಾಯಿಂದ ತೆಗೆದುಕೊಂಡ ಕರ್ಕ್ಯುಮಿನ್‌ನಲ್ಲಿ ಬಹುಪಾಲು ಕರುಳಿನಿಂದ ರಕ್ತಕ್ಕೇ ಬರುವುದಿಲ್ಲ. ಬಂದ ಅಲ್ಪಸ್ವಲ್ಪವನ್ನು ಕರುಳಿನ ಗೋಡೆ ಮತ್ತು ಲಿವರ್ ಕೂಡಲೇ ಬೇರೆ ಅಣುಗಳಿಗೆ ಅಂಟಿಸಿ ಹೊರಹಾಕಲು ತಯಾರು ಮಾಡುತ್ತವೆ. 2004ರ ಒಂದು ಅಧ್ಯಯನದಲ್ಲಿ ಕರುಳಿನ ಕ್ಯಾನ್ಸರ್ ಇದ್ದವರಿಗೆ ದಿನಕ್ಕೆ 3.6 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ಅದು ಅಡುಗೆಗೆ ಹಾಕುವ ಅರಿಶಿನದ ಪುಡಿಯಲ್ಲ, ಬೇರ್ಪಡಿಸಿದ ಕರ್ಕ್ಯುಮಿನ್. ಅಷ್ಟು ಕೊಟ್ಟರೂ ರಕ್ತದಲ್ಲಿ ಸಿಕ್ಕಿದ್ದು ಸರಾಸರಿ 11 ನ್ಯಾನೊಮೋಲಾರ್. ತಟ್ಟೆಯಲ್ಲಿ ಕೋಶಗಳನ್ನು ತಡೆಯಲು 20 ಮೈಕ್ರೊಮೋಲಾರ್ ಬೇಕಾಯಿತು ಅಂದುಕೊಳ್ಳಿ, ಅಂದರೆ 20,000 ನ್ಯಾನೊಮೋಲಾರ್. ರಕ್ತಕ್ಕೆ ಬಂದದ್ದರ ಸುಮಾರು 1,800 ಪಟ್ಟು. ಕ್ಯಾಪ್ಸೂಲ್ ಸಂಖ್ಯೆ ಎರಡರಷ್ಟು ಮೂರರಷ್ಟು ಮಾಡಿ ದಾಟುವ ಅಂತರ ಇದಲ್ಲ.

ಅದಕ್ಕೇ ಕರಿಮೆಣಸಿನ ಪೈಪರಿನ್ ಸೇರಿಸುತ್ತಾರೆ. 1998ರ ಒಂದು ಸಣ್ಣ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸಿಗುವ ಪ್ರಮಾಣ ಶೇ. 2,000ರಷ್ಟು ಏರಿತು. ಕ್ಯಾಪ್ಸೂಲ್ ಡಬ್ಬಿಗಳ ಮೇಲೆಲ್ಲ ಕಾಣುವ ಸಂಖ್ಯೆ ಇದೇ. ಕೇಳಲು ಭಾರಿ ಅನ್ನಿಸುತ್ತದೆ, ಅಲ್ವಾ? ತೀರಾ ಕಡಿಮೆ ಇದ್ದದ್ದು ಇಪ್ಪತ್ತು ಪಟ್ಟಾದರೂ ತಟ್ಟೆಯ ಮಟ್ಟದ ಹತ್ತಿರಕ್ಕೂ ಹೋಗುವುದಿಲ್ಲ. ಅಷ್ಟೇ ಆಗಿದ್ದರೆ ಸುಮ್ನೆ ದುಡ್ಡು ದಂಡ ಅಂತ ಬಿಡಬಹುದಿತ್ತು. ಪೈಪರಿನ್ ಕೆಲಸ ಮಾಡುವುದೇ ದೇಹ ಔಷಧಗಳನ್ನು ಒಡೆಯುವ, ಹೊರಹಾಕುವ ವ್ಯವಸ್ಥೆಯನ್ನು ತಡೆಯುವ ಮೂಲಕ. ಅದು ಕರ್ಕ್ಯುಮಿನ್ ಒಂದನ್ನೇ ನೋಡಿ ತಡೆಯುವುದಿಲ್ಲ, ಅದೇ ಹೊತ್ತಿಗೆ ತೆಗೆದುಕೊಳ್ಳುವ ಬೇರೆ ಔಷಧಗಳ ಲೆಕ್ಕವನ್ನೂ ಏರುಪೇರು ಮಾಡುತ್ತದೆ. ಇದಕ್ಕೆ ಮತ್ತೆ ಬರುತ್ತೇನೆ.

ತಟ್ಟೆಯ ಪ್ರಯೋಗಗಳಲ್ಲಿ ಇನ್ನೂ ಒಂದಿಷ್ಟು ಮೋಸಗಳಿವೆ. ಬೇಕಂತಲೇ ಮಾಡುವ ಮೋಸ ಅಲ್ಲ, ರಸಾಯನದ ಗುಣದಿಂದ ಆಗುವಂಥದ್ದು. ಸೀರಮ್ (ರಕ್ತದಿಂದ ತೆಗೆದ ತಿಳಿ ದ್ರವ) ಇಲ್ಲದ ದ್ರಾವಣದಲ್ಲಿ, ದೇಹದ ಉಷ್ಣತೆಯಲ್ಲಿ, ಕರ್ಕ್ಯುಮಿನ್ ಅರ್ಧ ಗಂಟೆಯಲ್ಲೇ ಶೇ. 90ರಷ್ಟು ಒಡೆದುಹೋಗುತ್ತದೆ. ಎರಡು ದಿನ ಕರ್ಕ್ಯುಮಿನ್‌ನಲ್ಲಿ ಇಟ್ಟೆವು ಅಂತ ಬರೆಯುವ ಎಷ್ಟೋ ಪ್ರಯೋಗಗಳಲ್ಲಿ ಕೋಶಗಳು ಹೆಚ್ಚು ಹೊತ್ತು ಕಂಡದ್ದು ಅದರ ಚೂರುಗಳನ್ನು. ಹಸಿರು ಚಹಾದ ಇಜಿಸಿಜಿ ತರಹದ, ಪಾಲಿಫಿನಾಲ್ ಎಂಬ ಗುಂಪಿನ ಸಸ್ಯ ಸಂಯುಕ್ತಗಳು ಪೋಷಕ ದ್ರವದಲ್ಲಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತವೆ, ಕೋಶಗಳನ್ನು ಕೊಲ್ಲುವುದು ಹಲವು ಸಲ ಆ ಪೆರಾಕ್ಸೈಡೇ. ದೇಹದೊಳಗೆ ಆ ಪರಿಸ್ಥಿತಿ ಇರುವುದಿಲ್ಲ. ಬದುಕಿದ ಕೋಶಗಳನ್ನು ಎಣಿಸಲು ನಾವು ಎಂಟಿಟಿ ಅನ್ನುವ ಹಳದಿ ಬಣ್ಣ ಹಾಕುತ್ತೇವೆ, ಬದುಕಿರುವ ಕೋಶ ಅದನ್ನು ನೇರಳೆಗೆ ತಿರುಗಿಸುತ್ತದೆ. ಹಲವು ಸಸ್ಯ ಸಂಯುಕ್ತಗಳು ಕೋಶದ ಸಹಾಯವೇ ಇಲ್ಲದೆ ಆ ಬಣ್ಣವನ್ನು ತಾವೇ ತಿರುಗಿಸಿಬಿಡುತ್ತವೆ. ಬೇರೆ ವಿಧಾನದಿಂದ ಎಣಿಸಿ ಖಾತ್ರಿ ಮಾಡಿಕೊಳ್ಳದಿದ್ದರೆ ಸಂಖ್ಯೆಯೇ ತಪ್ಪು.

ಕೋಶಗಳ ಗುರುತಿನ ಸಮಸ್ಯೆಯೂ ಇದೆ, ಇದು ನನ್ನನ್ನು ತುಂಬಾ ಕಾಡುವ ವಿಷಯ. ಎಂಡಿಎ-ಎಂಬಿ-435 ಎಂಬ ಕೋಶ ಸಂತತಿಯನ್ನು ದಶಕಗಳ ಕಾಲ ಸ್ತನ ಕ್ಯಾನ್ಸರ್ ಕೋಶ ಅಂತಲೇ ಬಳಸಿದರು. ಆಮೇಲೆ ಅದು ಎಂ-14 ಎಂಬ ಚರ್ಮದ ಕ್ಯಾನ್ಸರ್ ಕೋಶ, ಅಂದರೆ ಮೆಲನೋಮ, ಎಂದು ಜೀನ್ ಪರೀಕ್ಷೆಗಳಿಂದ ಗೊತ್ತಾಯಿತು. ಅದರ ಮೇಲೆ ಬರೆದ ಹಳೆಯ ಲೇಖನಗಳೆಲ್ಲ ಇವತ್ತಿಗೂ ಹುಡುಕಿದರೆ ಸ್ತನ ಕ್ಯಾನ್ಸರ್ ಅಂತಲೇ ಸಿಗುತ್ತವೆ. ಎಂಸಿಎಫ್-7 ಬಗ್ಗೆಯೂ ಒಂದು ಮಾತು. ಆ ಕೋಶಗಳಲ್ಲಿ ಕ್ಯಾಸ್ಪೇಸ್-3 ಎಂಬ, ಕೋಶ ತನ್ನನ್ನು ಮುಗಿಸಿಕೊಳ್ಳಲು ಬಳಸುವ ಮುಖ್ಯ ಕಿಣ್ವ ಇಲ್ಲವೇ ಇಲ್ಲ, ಅದರ ಜೀನ್ ಹಾಳಾಗಿದೆ. ಇದು 1998ರಲ್ಲೇ ಗೊತ್ತಾಗಿದೆ. ಹೀಗಿದ್ದೂ ನಮ್ಮ ಗಿಡದ ಸಾರ ಎಂಸಿಎಫ್-7ರಲ್ಲಿ ಕ್ಯಾಸ್ಪೇಸ್-3 ಚುರುಕುಗೊಳಿಸಿತು ಎನ್ನುವ ಲೇಖನಗಳು ಬರುತ್ತಲೇ ಇವೆ. ಅಂಥದ್ದು ಕಣ್ಣಿಗೆ ಬಿದ್ದರೆ ಆ ಲೇಖನವನ್ನು ಅಲ್ಲಿಗೇ ಮುಚ್ಚಿಡಬಹುದು.

ಇನ್ನು ಮಾಮೂಲಿ ಕೋಶಗಳ ಪಾಡು. ಕ್ಯಾನ್ಸರ್ ಕೋಶದ ಜೊತೆಗೆ ಎಂಸಿಎಫ್-10ಎ ತರಹದ, ಕ್ಯಾನ್ಸರ್ ಅಲ್ಲದ ಸ್ತನ ಕೋಶಗಳ ಮೇಲೂ ಅದೇ ಪ್ರಮಾಣ ಹಾಕಿ ನೋಡಬೇಕು. ಎರಡೂ ಒಂದೇ ಸಮ ಸತ್ತರೆ ಅದು ಔಷಧವಲ್ಲ, ಬರೀ ವಿಷ. ನೆಂಟರು ಕಳಿಸಿದ ಲೇಖನಗಳಲ್ಲಿ ಈ ಹೋಲಿಕೆ ಇದೆಯಾ ಅಂತ ಒಮ್ಮೆ ನೋಡಿ. ಬಹಳಷ್ಟರಲ್ಲಿ ಇರುವುದಿಲ್ಲ.

ಸೋಯಾ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಪ್ರಮಾಣ ಎಷ್ಟು ಮುಖ್ಯ ಅನ್ನುವುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಸೋಯಾದಲ್ಲಿ ಜೆನಿಸ್ಟೀನ್ ಎಂಬ ಸಂಯುಕ್ತ ಇದೆ. ಆಕಾರದಲ್ಲಿ ಈಸ್ಟ್ರೋಜನ್ ಅನ್ನು ಹೋಲುತ್ತದೆ. ಎಂಸಿಎಫ್-7 ಕೋಶಗಳಿಗೆ ಜಾಸ್ತಿ ಪ್ರಮಾಣದಲ್ಲಿ, ಹತ್ತಿಪ್ಪತ್ತು ಮೈಕ್ರೊಮೋಲಾರ್ ಮೀರಿ ಹಾಕಿದರೆ ಬೆಳವಣಿಗೆ ನಿಲ್ಲುತ್ತದೆ. ಕಡಿಮೆ ಹಾಕಿದರೆ ಅದೇ ಕೋಶಗಳು ಇನ್ನೂ ಚೆನ್ನಾಗಿ ಬೆಳೆಯುತ್ತವೆ! ಒಂದೇ ವಸ್ತು, ಒಂದೇ ಕೋಶ, ಪ್ರಮಾಣ ಬದಲಾದರೆ ಫಲಿತಾಂಶ ಪೂರ್ತಿ ಉಲ್ಟಾ. ಮನುಷ್ಯರ ರಕ್ತದಲ್ಲಿ ಇರಬಹುದಾದದ್ದು ಆ ಕಡಿಮೆ ಪ್ರಮಾಣವೇ. ಅಂಡಾಶಯ ತೆಗೆದ ಇಲಿಗಳಲ್ಲಿ ಜೆನಿಸ್ಟೀನ್ ಎಂಸಿಎಫ್-7 ಗಡ್ಡೆಗಳನ್ನು ಬೆಳೆಸಿತು, ಟಾಮಾಕ್ಸಿಫೆನ್ ಕೆಲಸವನ್ನೂ ಕೆಡಿಸಿತು. ಸೋಯಾ ಮುಟ್ಟಬೇಡಿ ಎಂಬ ಭಯ ಹುಟ್ಟಿದ್ದು ಅಲ್ಲಿಂದ.

ಆದರೆ ಮುಂದೆ ಹೆಂಗಸರನ್ನೇ ನೋಡಿದಾಗ ಚಿತ್ರ ಬೇರೆಯಾಯಿತು. ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ 5,042 ಮಹಿಳೆಯರನ್ನು ಹಿಂಬಾಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಊಟದಲ್ಲಿ ಸೋಯಾ ಹೆಚ್ಚು ತಿನ್ನುತ್ತಿದ್ದವರಲ್ಲಿ ಕಾಯಿಲೆ ಮರುಕಳಿಸಿದ್ದೂ ಕಡಿಮೆ, ಸಾವೂ ಕಡಿಮೆ, ಟಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದವರಲ್ಲೂ ಹಾಗೇ. ಇಲಿಗಳ ದೇಹ ಜೆನಿಸ್ಟೀನನ್ನು ನಮ್ಮ ಹಾಗೆ ಪಳಗಿಸುವುದಿಲ್ಲ, ಅವುಗಳ ರಕ್ತದಲ್ಲಿ ಅದು ಮುಕ್ತ ರೂಪದಲ್ಲಿ ಹೆಚ್ಚು ಉಳಿಯುತ್ತದೆ, ಈ ವ್ಯತ್ಯಾಸಕ್ಕೆ ಅದೂ ಒಂದು ಕಾರಣ. ಹಾಗಾಗಿ ಅಕ್ಕ ಊಟದಲ್ಲಿ ಮಿತವಾಗಿ ಸೋಯಾ ತಿಂದರೆ ಹೆದರಬೇಕಾಗಿಲ್ಲ. ಸೋಯಾ ಐಸೊಫ್ಲೇವೋನ್ (ಜೆನಿಸ್ಟೀನ್ ಗುಂಪಿನ ಸಂಯುಕ್ತಗಳು) ಎಂದು ಬರೆದಿರುವ ಮಾತ್ರೆ, ಪುಡಿ ಬೇಡ. ಆಹಾರದಲ್ಲಿರುವುದು ಬೇರೆ, ಅದರೊಳಗಿನ ಒಂದೇ ಸಂಯುಕ್ತವನ್ನು ಹಿಂಡಿ ತೆಗೆದು ದಿನಾ ನುಂಗುವುದು ಬೇರೆ. ಅರಿಶಿನಕ್ಕೂ ಇದೇ ಮಾತು. ಅಡುಗೆಗೆ ಹಾಕುವ ಅರಿಶಿನದ ಬಗ್ಗೆ ನನ್ನ ತಕರಾರಿಲ್ಲ, ಕ್ಯಾಪ್ಸೂಲ್ ಬಗ್ಗೆ ಮಾತ್ರ ತಕರಾರು.

ಇಷ್ಟು ಓದಿದ ಮೇಲೆ ನಾನು ಸಸ್ಯಗಳ ವಿರೋಧಿ ಅಂತ ನಿಮಗೆ ಅನ್ನಿಸಿರಬಹುದು. ಹಾಗಿದ್ದರೆ ಈ ಕೆಲಸದಲ್ಲೇ ಇರುತ್ತಿರಲಿಲ್ಲ. ಸ್ತನ ಕ್ಯಾನ್ಸರ್‌ಗೆ ಇವತ್ತು ಆಸ್ಪತ್ರೆಗಳಲ್ಲಿ ಕೊಡುವ ಬಲವಾದ ಔಷಧಗಳಲ್ಲಿ ಹಲವು ಗಿಡಮರಗಳಿಂದಲೇ ಬಂದವು. ಪಾಕ್ಲಿಟಾಕ್ಸೆಲ್ ಹೆಸರು ಕೇಳಿರುತ್ತೀರಿ. 1962ರಲ್ಲಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯಶಾಸ್ತ್ರಜ್ಞ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಎಂಬ ಮರದ ತೊಗಟೆ ಸಂಗ್ರಹಿಸಿದರು. ಕ್ಯಾನ್ಸರ್ ಔಷಧಕ್ಕಾಗಿ ಲಕ್ಷಕ್ಕೂ ಮೀರಿ ಸಸ್ಯ ಸಾರಗಳನ್ನು ಪರೀಕ್ಷಿಸಿದ ಸರ್ಕಾರಿ ಯೋಜನೆಯೊಂದರ ಭಾಗ ಅದು. ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಆ ತೊಗಟೆಯಿಂದ ಸಕ್ರಿಯ ಸಂಯುಕ್ತವನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆ ಪ್ರಕಟಿಸಿದರು. ಅದು ಕೋಶವನ್ನು ಹೇಗೆ ತಡೆಯುತ್ತದೆ ಅಂತ ಸೂಸನ್ ಹಾರ್ವಿಟ್ಜ್ 1979ರಲ್ಲಿ ತೋರಿಸಿದರು: ಕೋಶ ಎರಡಾಗುವಾಗ ಒಳಗೆ ಕಟ್ಟಿ ಮತ್ತೆ ಬಿಚ್ಚಬೇಕಾದ ಸೂಕ್ಷ್ಮ ನಾಳಗಳನ್ನು ಇದು ಬಿಚ್ಚಲು ಬಿಡುವುದಿಲ್ಲ, ಕೋಶ ಅರ್ಧಕ್ಕೆ ಸಿಕ್ಕಿಕೊಂಡು ಸಾಯುತ್ತದೆ. ಸ್ತನ ಕ್ಯಾನ್ಸರ್‌ಗೆ ಬಳಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ತೊಗಟೆ ಕಿತ್ತ ದಿನದಿಂದ 32 ವರ್ಷ.

ಅಷ್ಟು ವರ್ಷ ಯಾಕೆ ಬೇಕಾಯಿತು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ಆ ವಸ್ತು ನೀರಿನಲ್ಲಿ ಕರಗುವುದಿಲ್ಲ, ಬಾಯಿಂದ ಕೊಟ್ಟರೆ ರಕ್ತಕ್ಕೆ ಸರಿಯಾಗಿ ಬರುವುದಿಲ್ಲ. ವಿಶೇಷ ಎಣ್ಣೆ ಮೂಲದ ದ್ರಾವಕದಲ್ಲಿ ಕರಗಿಸಿ ರಕ್ತನಾಳಕ್ಕೆ ಕೊಡಬೇಕಾಯಿತು. ಆ ದ್ರಾವಕಕ್ಕೆ ಕೆಲವರಿಗೆ ತೀವ್ರ ಅಲರ್ಜಿ ಬಂತು, ಅದನ್ನು ತಡೆಯುವ ಕ್ರಮ ಹುಡುಕಬೇಕಾಯಿತು. ತೊಗಟೆ ಸುಲಿದರೆ ಮರ ಸಾಯುತ್ತದೆ, ಮರ ಬೆಳೆಯುವುದು ನಿಧಾನ, ಹಾಗಾಗಿ ಬೇರೆ ಜಾತಿಯ ಯೂ ಎಲೆಯಿಂದ ಸಿಗುವ ಹತ್ತಿರದ ಅಣುವನ್ನು ಲ್ಯಾಬಿನಲ್ಲಿ ಮಾರ್ಪಡಿಸುವ ದಾರಿ ಹುಡುಕಬೇಕಾಯಿತು. ಎಷ್ಟು ಕೊಟ್ಟರೆ ಗಡ್ಡೆ ಕರಗುತ್ತದೆ, ಎಷ್ಟಕ್ಕೆ ಪಾದದ ನರಗಳು ಮರಗಟ್ಟುತ್ತವೆ, ರಕ್ತಕಣಗಳು ಎಷ್ಟು ಇಳಿಯುತ್ತವೆ, ಇವನ್ನೆಲ್ಲ ರೋಗಿಗಳ ಮೇಲೆ ಹೆಜ್ಜೆ ಹೆಜ್ಜೆಯಾಗಿ ಅಳೆದರು. ಯೂ ಮರದ ಎಲೆಯ ಕಷಾಯ ಕುಡಿದರೆ ಏನಾಗುತ್ತದೆ ಗೊತ್ತಾ? ಅದರಲ್ಲಿರುವ ಟ್ಯಾಕ್ಸಿನ್ ಎಂಬ ಬೇರೆ ವಿಷಗಳಿಂದ ಹೃದಯ ನಿಲ್ಲುತ್ತದೆ. ಔಷಧವೂ ವಿಷವೂ ಒಂದೇ ಮರದಲ್ಲಿವೆ.

ಸದಾಪುಷ್ಪದ ಗಿಡದ ಆಲ್ಕಲಾಯ್ಡ್‌ಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅವುಗಳ ಸಾಲಿನ ವಿನೊರೆಲ್ಬಿನ್ ಇವತ್ತು ಹರಡಿದ ಸ್ತನ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ಯಾಂಪ್ಟೊಥೆಸಿನ್ ಕಥೆ. ಚೀನಾ ಮೂಲದ ಮರವೊಂದರಿಂದ ಇದನ್ನು ಅದೇ ವಾಲ್ ಮತ್ತು ವಾನಿ 1966ರಲ್ಲಿ ಬೇರ್ಪಡಿಸಿದರು. ತಟ್ಟೆಯಲ್ಲಿ, ಇಲಿಗಳಲ್ಲಿ ಅದ್ಭುತ. ಮನುಷ್ಯರಿಗೆ ಕೊಟ್ಟಾಗ ಮೂತ್ರಕೋಶದಿಂದ ರಕ್ತ ಬರುವಷ್ಟು ತೊಂದರೆಯಾಗಿ 1970ರ ದಶಕದಲ್ಲಿ ಟ್ರಯಲ್ ನಿಂತುಹೋಯಿತು. ಆಮೇಲೆ ರಸಾಯನ ತಜ್ಞರು ಆ ಅಣುವನ್ನು ತಿದ್ದಿದರು. ಕೊನೆಗೆ ಅದರ ಒಂದು ರೂಪವನ್ನು, ಎಸ್‌ಎನ್-38 ಅಂತ, ಕ್ಯಾನ್ಸರ್ ಕೋಶದ ಮೇಲ್ಮೈಯ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ ಕಟ್ಟಿದರು. ಸಾಸಿಟುಜುಮ್ಯಾಬ್ ಗೋವಿಟೆಕಾನ್ ಎಂಬ ಆ ಔಷಧಕ್ಕೆ 2020ರಲ್ಲಿ ಹರಡಿದ ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು. ವಿಳಾಸ ಬರೆದ ಲಕೋಟೆಯಲ್ಲಿ ವಿಷವನ್ನು ಕಳಿಸಿದ ಹಾಗೆ. ಬೇರೆ ಚಿಕಿತ್ಸೆಗಳು ಫಲ ಕೊಡದಿದ್ದ ಹೆಂಗಸರಿಗೆ ಅದು ಹೆಚ್ಚಿನ ತಿಂಗಳುಗಳನ್ನು ಕೊಟ್ಟಿದೆ. ಗಿಡದ ಸಂಯುಕ್ತ ಔಷಧವಾಗುವುದು ಹೀಗೆ: ಅದನ್ನು ಅಳೆದು, ತಿದ್ದಿ, ಸೇರಬೇಕಾದ ಜಾಗಕ್ಕೆ ಸೇರಿಸಿದಾಗ.

ಕರ್ಕ್ಯುಮಿನ್ ಆ ದಾರಿಯಲ್ಲಿ ಎಲ್ಲಿದೆ? ತುಂಬಾ ಹಿಂದೆ. 2017ರಲ್ಲಿ ಔಷಧ ರಸಾಯನ ತಜ್ಞರು ಅದರ ಬಗ್ಗೆ ಅಲ್ಲಿಯವರೆಗೆ ಬಂದ ಸಂಶೋಧನೆಯನ್ನೆಲ್ಲ ಜಾಲಾಡಿ ಒಂದು ದೊಡ್ಡ ವಿಮರ್ಶೆ ಬರೆದರು. ನೂರಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್‌ಗಳು ನಡೆದಿದ್ದರೂ, ಪ್ಲಸೀಬೊ (ಔಷಧವಿಲ್ಲದ ಹುಸಿ ಮದ್ದು) ಜೊತೆ ಹೋಲಿಸಿ ಕಟ್ಟುನಿಟ್ಟಾಗಿ ನಡೆಸಿದ ಯಾವ ಟ್ರಯಲ್ ಕೂಡ ಗೆದ್ದಿಲ್ಲ ಎಂದರು. ಇದರ ವಿರುದ್ಧ ಒಂದು ಕುತೂಹಲದ ಫಲಿತಾಂಶ ಆಮೇಲೆ ಬಂತು, ಅದನ್ನೂ ಹೇಳಿಬಿಡುತ್ತೇನೆ. 2020ರಲ್ಲಿ ಅರ್ಮೇನಿಯಾದಿಂದ ಬಂದ ಟ್ರಯಲ್‌ನಲ್ಲಿ, ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ 150 ಮಹಿಳೆಯರಿಗೆ ಪಾಕ್ಲಿಟಾಕ್ಸೆಲ್ ಜೊತೆ ಕರ್ಕ್ಯುಮಿನ್ ಅಥವಾ ಪ್ಲಸೀಬೊ ಕೊಟ್ಟರು. ಕರ್ಕ್ಯುಮಿನ್ ಪಡೆದವರಲ್ಲಿ ಗಡ್ಡೆ ಕುಗ್ಗಿದವರ ಪಾಲು ಹೆಚ್ಚಿತ್ತು. ಆದರೆ ಗಮನಿಸಿ, ಅವರು ಕೊಟ್ಟದ್ದು ವಾರಕ್ಕೊಮ್ಮೆ ರಕ್ತನಾಳಕ್ಕೆ, ಕ್ಯಾಪ್ಸೂಲ್ ಅಲ್ಲ, ಅದೂ ಕೀಮೋ ಜೊತೆಗೆ. ಕರುಳು ಮತ್ತು ಲಿವರನ್ನು ದಾಟಿಸಿ ಕೊಟ್ಟರೆ ಏನಾಗುತ್ತದೆ ಅನ್ನುವ ಪ್ರಶ್ನೆ ಅದು, ಇನ್ನೂ ದೊಡ್ಡ ಟ್ರಯಲ್‌ಗಳಲ್ಲಿ ನೋಡಬೇಕಾದದ್ದು. ಇದಕ್ಕೆ ತದ್ವಿರುದ್ಧವಾಗಿ, ಸ್ತನ ಕ್ಯಾನ್ಸರ್ ಇಲಿಗಳ ಮೇಲಿನ 2002ರ ಅಧ್ಯಯನದಲ್ಲಿ ಆಹಾರದಲ್ಲಿ ಕೊಟ್ಟ ಕರ್ಕ್ಯುಮಿನ್ ಸೈಕ್ಲೊಫಾಸ್ಫಮೈಡ್ ಎಂಬ ಕೀಮೋ ಔಷಧದ ಪರಿಣಾಮವನ್ನೇ ತಗ್ಗಿಸಿತ್ತು.

ಈಗ ನಿಮ್ಮ ಅಕ್ಕನಿಗೆ ನೇರವಾಗಿ ಸಂಬಂಧಿಸಿದ್ದು. ಟಾಮಾಕ್ಸಿಫೆನ್ ಮಾತ್ರೆ ನುಂಗಿದ ರೂಪದಲ್ಲೇ ಜಾಸ್ತಿ ಕೆಲಸ ಮಾಡುವುದಿಲ್ಲ. ಲಿವರಿನ ಕಿಣ್ವಗಳು ಅದನ್ನು ಎಂಡಾಕ್ಸಿಫೆನ್ ಆಗಿ ಬದಲಾಯಿಸುತ್ತವೆ, ರಿಸೆಪ್ಟರ್ ಅನ್ನು ಬಲವಾಗಿ ಹಿಡಿಯುವುದು ಅದು. ನೆದರ್ಲೆಂಡ್ಸ್‌ನಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟಾಮಾಕ್ಸಿಫೆನ್ ತೆಗೆದುಕೊಳ್ಳುವ 16 ಮಹಿಳೆಯರಿಗೆ ಕರ್ಕ್ಯುಮಿನ್ ಮತ್ತು ಪೈಪರಿನ್ ಕೊಟ್ಟು ರಕ್ತ ಪರೀಕ್ಷಿಸಿದರು. ಎರಡನ್ನೂ ಸೇರಿಸಿ ಕೊಟ್ಟಾಗ ಎಂಡಾಕ್ಸಿಫೆನ್ ಸರಾಸರಿ ಶೇ. 12ರಷ್ಟು ಇಳಿಯಿತು. ಮೊದಲೇ ಕಡಿಮೆ ಇರುವ ಕೆಲವರಲ್ಲಿ ಅದು ಬೇಕಾದ ಮಟ್ಟಕ್ಕಿಂತ ಕೆಳಗೆ ಹೋಗಬಹುದು ಎಂದು ಸಂಶೋಧಕರು ಎಚ್ಚರಿಸಿದರು. ಅಂದರೆ ಕ್ಯಾನ್ಸರ್ ವಿರುದ್ಧ ಅಂತ ಅಕ್ಕ ನುಂಗುತ್ತಿರುವ ಕ್ಯಾಪ್ಸೂಲ್, ಕ್ಯಾನ್ಸರ್ ವಿರುದ್ಧ ಖಚಿತವಾಗಿ ಕೆಲಸ ಮಾಡುವ ಮಾತ್ರೆಯ ಬಲವನ್ನು ಕುಗ್ಗಿಸುತ್ತಿರಬಹುದು. ಬ್ರೊಕೊಲಿ ಜಾತಿಯ ತರಕಾರಿಗಳಿಂದ ಬರುವ ಡಿಐಎಂ ಎಂಬ ಪೂರಕದಲ್ಲೂ ಇದನ್ನೇ ಕಂಡರು: 2017ರ ಟ್ರಯಲ್‌ನಲ್ಲಿ ಅದನ್ನು ತೆಗೆದುಕೊಂಡವರ ರಕ್ತದಲ್ಲಿ ಎಂಡಾಕ್ಸಿಫೆನ್ ಕಡಿಮೆಯಾಗಿತ್ತು. ತರಕಾರಿ ತಿನ್ನಲಿ, ಅದರ ಮಾತ್ರೆ ಬೇಡ.

ಲಕ್ಷ್ಮಣ ಫಲಕ್ಕೆ ಬಂದರೆ, ಕೀಮೋಗಿಂತ ಹತ್ತು ಸಾವಿರ ಪಟ್ಟು ಬಲಶಾಲಿ ಎಂಬ ಸಂದೇಶ ನಿಮಗೂ ಬಂದಿರುತ್ತದೆ. 1990ರ ದಶಕದ ಒಂದು ತಟ್ಟೆ ಪ್ರಯೋಗದಲ್ಲಿ, ಆ ಗಿಡದ ಒಂದು ಸಂಯುಕ್ತವನ್ನು ದೊಡ್ಡ ಕರುಳಿನ ಕ್ಯಾನ್ಸರ್‌ನ ಒಂದು ಕೋಶ ಸಂತತಿಯ ಮೇಲೆ ಹಾಕಿ ಹೋಲಿಸಿದಾಗ ಬಂದ ಸಂಖ್ಯೆ ಅದು. ಅದರಲ್ಲಿ ಸ್ತನವೂ ಇಲ್ಲ, ರೋಗಿಯೂ ಇಲ್ಲ. ಆ ಗುಂಪಿನ ಸಂಯುಕ್ತಗಳು, ಮುಖ್ಯವಾಗಿ ಅನೊನಾಸಿನ್, ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಕೆಲಸವನ್ನೇ ನಿಲ್ಲಿಸುತ್ತವೆ, ಕ್ಯಾನ್ಸರ್ ಕೋಶ, ಮಿದುಳಿನ ಕೋಶ ಅಂತ ಭೇದ ಇಲ್ಲದೆ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಔಷಧಗಳಿಗೆ ಸರಿಯಾಗಿ ಬಗ್ಗದ ಪಾರ್ಕಿನ್ಸನ್ ತರಹದ ನರರೋಗ ಅಸಹಜವಾಗಿ ಜಾಸ್ತಿ ಕಂಡಾಗ, 1999ರಲ್ಲಿ ವೈದ್ಯರು ಅದಕ್ಕೂ ಈ ಜಾತಿಯ ಹಣ್ಣು ಮತ್ತು ಎಲೆಯ ಕಷಾಯದ ಬಳಕೆಗೂ ನಂಟು ಇರುವುದನ್ನು ವರದಿ ಮಾಡಿದರು. ಅಪರೂಪಕ್ಕೆ ಒಂದು ಹಣ್ಣು ತಿಂದದ್ದಕ್ಕೆ ಗಾಬರಿ ಬೇಡ. ದಿನಾ ಎಲೆ ಕುದಿಸಿ ಕುಡಿಯುವುದು ಖಂಡಿತ ಬೇಡ.

ಮೈ ಬಿಸಿಯಾಗುವ ಕಷ್ಟವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ರಾತ್ರಿ ನಿದ್ದೆ ಕೆಟ್ಟು, ಬಟ್ಟೆಯೆಲ್ಲ ಒದ್ದೆಯಾಗಿ ಎದ್ದು ಕೂರುವುದು ವರ್ಷಗಟ್ಟಲೆ ನಡೆದರೆ ಯಾರಿಗಾದರೂ ಸಾಕಾಗುತ್ತದೆ, ಮಾತ್ರೆ ಮಧ್ಯದಲ್ಲೇ ಬಿಡುವವರಲ್ಲಿ ತುಂಬಾ ಜನ ಬಿಡುವುದು ಇದಕ್ಕೇ. ಆದರೆ ಇದಕ್ಕೆ ಪರಿಹಾರಗಳಿವೆ. ವೆನ್ಲಾಫಾಕ್ಸಿನ್ ತರಹದ ಮಾತ್ರೆಗಳು ಬಿಸಿ ಬಡಿತವನ್ನು ಗಣನೀಯವಾಗಿ ತಗ್ಗಿಸುತ್ತವೆ. ಪಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಮಾತ್ರ ಟಾಮಾಕ್ಸಿಫೆನ್ ಬದಲಾಗುವ ಕಿಣ್ವವನ್ನು ಬಲವಾಗಿ ತಡೆಯುವುದರಿಂದ ಅವರಿಗೆ ಹೊಂದುವುದಿಲ್ಲ, ಬೇರೆ ವೈದ್ಯರು ಬರೆದುಕೊಟ್ಟಾಗಲೂ ಇದನ್ನು ನೆನಪಿಸಿ. ಅಗತ್ಯಬಿದ್ದರೆ ಬೇರೆ ಬಗೆಯ ಹಾರ್ಮೋನ್ ಚಿಕಿತ್ಸೆಗೆ ಬದಲಾಯಿಸಬಹುದೇ ಅಂತಲೂ ಕ್ಯಾನ್ಸರ್ ವೈದ್ಯರು ಯೋಚಿಸುತ್ತಾರೆ. ಸಹಿಸಲು ಆಗುತ್ತಿಲ್ಲ ಅಂತ ಅವರಿಗೆ ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಎಷ್ಟೋ ಜನ ವೈದ್ಯರ ಮುಂದೆ ಎಲ್ಲ ಸರಿ ಇದೆ ಅಂದು ಬಂದುಬಿಡುತ್ತಾರೆ.

ಕೆಲವು ವಾರ ಕ್ಯಾಪ್ಸೂಲ್ ತೆಗೆದುಕೊಂಡದ್ದರಿಂದ ಎಲ್ಲ ಹಾಳಾಯಿತು ಅಂತ ಅಕ್ಕ ಹೆದರಬೇಕಿಲ್ಲ. ನಿಲ್ಲಿಸಿದರೆ ಕಿಣ್ವಗಳು ಮತ್ತೆ ಮೊದಲಿನ ಹಾಗೆ ಕೆಲಸ ಮಾಡುತ್ತವೆ. ಆದರೆ ಒಂದು ಪರೀಕ್ಷೆ ಮಾಡಿಸಿ: ಲಿವರ್ ಫಂಕ್ಷನ್ ಟೆಸ್ಟ್. ಹೆಚ್ಚು ಸಾಂದ್ರತೆಯ ಅರಿಶಿನದ ಕ್ಯಾಪ್ಸೂಲ್‌ಗಳಿಂದ, ಅದರಲ್ಲೂ ಪೈಪರಿನ್ ಸೇರಿಸಿದವುಗಳಿಂದ, ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಅಪರೂಪವೇ, ಆದರೂ ನೋಡಿಕೊಳ್ಳುವುದು ಒಳ್ಳೆಯದು. ಈ ನಡುವೆ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಮೈಯೆಲ್ಲ ತುರಿಕೆ ಬಂದರೆ, ಊಟ ಸೇರದೆ ವಾಕರಿಕೆ ಶುರುವಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಹೋಗಿ. ಹೋಗುವಾಗ ಕ್ಯಾಪ್ಸೂಲ್ ಡಬ್ಬಿಯನ್ನೇ ಜೊತೆಗೆ ಒಯ್ಯಿರಿ. ಅದರಲ್ಲಿ ಏನೇನು ಎಷ್ಟೆಷ್ಟಿದೆ, ದಿನಕ್ಕೆ ಎಷ್ಟು ನುಂಗಿದರು, ಯಾವಾಗ ನಿಲ್ಲಿಸಿದರು ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿಬಿಡಿ.